"ಚೆನ್ನಾಗಿದ್ದೀನಿ" ಅನ್ನುವ ಮಾತು



ಅಮೆರಿಕದಲ್ಲಿ 1972ರಿಂದ ಒಂದು ಸಮೀಕ್ಷೆ ನಡೆದುಕೊಂಡು ಬಂದಿದೆ. ನೀವು ಬಹಳ ಸುಖವಾಗಿದ್ದೀರಾ, ಸುಮಾರಾಗಿದ್ದೀರಾ, ಸುಖವಿಲ್ಲವೇ ಎಂದು ಅದರಲ್ಲಿ ಜನರನ್ನು ಕೇಳುತ್ತಾರೆ. ಆ ಉತ್ತರಗಳನ್ನು ಬೆಟ್ಸಿ ಸ್ಟೀವನ್‌ಸನ್, ಜಸ್ಟಿನ್ ವುಲ್ಫರ್ಸ್ ಎಂಬ ಅರ್ಥಶಾಸ್ತ್ರಜ್ಞರು ತಾಳೆ ನೋಡಿ 2009ರಲ್ಲಿ ಪ್ರಕಟಿಸಿದರು. ಎಪ್ಪತ್ತರ ದಶಕದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿ ಸುಖವಾಗಿದ್ದೇವೆ ಅಂದಿದ್ದರು. ಆಮೇಲೆ ಅವರ ಓದು, ಕೆಲಸ, ಸಂಬಳ ಎಲ್ಲ ಹೆಚ್ಚಿತು. ಸುಖವಾಗಿದ್ದೇವೆ ಅನ್ನುವವರು ಮಾತ್ರ ಕಡಿಮೆಯಾದರು.

"ನೋಡಿದಿರಾ, ಹೆಣ್ಣು ಹೊಸ್ತಿಲು ದಾಟಿದಳು, ನೆಮ್ಮದಿ ಹೋಯಿತು" ಎನ್ನುವವರು ನಮ್ಮೂರಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಮೊದಲಿನ ಆ "ಸುಖವಾಗಿದ್ದೇವೆ" ಎಷ್ಟು ನಿಜ ಎಂದು ಯಾರು ಕೇಳಿದರು?

ನಮ್ಮ ದೇಶದ್ದೇ ಒಂದು ಸಂಗತಿ ಹೇಳುತ್ತೇನೆ. 1943ರಲ್ಲಿ ಬಂಗಾಳದಲ್ಲಿ ಭೀಕರ ಬರಗಾಲ. ಮರುವರ್ಷ ಕಲ್ಕತ್ತೆಯ ಹತ್ತಿರದ ಸಿಂಗೂರಿನಲ್ಲಿ ಜನರ ಆರೋಗ್ಯ ವಿಚಾರಿಸಿದರು. ಹೆಂಡತಿ ಸತ್ತ ಗಂಡಸರಲ್ಲಿ 100ಕ್ಕೆ 48 ಮಂದಿ ಮೈ ಸರಿಯಿಲ್ಲ ಅಂದರು. ಗಂಡ ಸತ್ತ ಹೆಂಗಸರಲ್ಲಿ ಹಾಗೆ ಅಂದವರು 100ಕ್ಕೆ ಮೂವರೂ ಇಲ್ಲ! ವಿಧವೆಯರು ಗಟ್ಟಿಮುಟ್ಟಾಗಿದ್ದರೇ? ಎಲ್ಲರೂ ಉಂಡ ಮೇಲೆ ತಳ ಕೆರೆದು ತಿನ್ನುವವಳಿಗೆ ತನ್ನ ಮೈ ಬಗ್ಗೆ ದೂರುವುದೇ ಗೊತ್ತಿರಲಿಲ್ಲ. ಅಮರ್ತ್ಯ ಸೇನ್ ಈ ಲೆಕ್ಕವನ್ನು ಎತ್ತಿ ತೋರಿಸಿದ್ದು ಇದಕ್ಕೇ.

ಅದು ಹಳೇ ಕಾಲ ಅನ್ನಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019ರಲ್ಲಿ ಕರ್ನಾಟಕದ ಹೆಂಗಸರನ್ನು ಕೇಳಿತು: ಗಂಡ ಹೊಡೆಯುವುದು ಸರಿಯೇ? ಒಂದಲ್ಲ ಒಂದು ಕಾರಣಕ್ಕೆ ಸರಿ ಎಂದವರು 100ಕ್ಕೆ ಸುಮಾರು 77. ಇಷ್ಟು ಮಂದಿ ಏಟನ್ನೇ ಸರಿ ಅನ್ನುವಾಗ, ಅವರ "ಚೆನ್ನಾಗಿದ್ದೀನಿ"ಯನ್ನು ನಾನು ಹೇಗೆ ನಂಬಲಿ? ವರದಕ್ಷಿಣೆ ಬಾಕಿಗೆಂದು ಪೀಡಿಸುವ ಮನೆಯಿಂದ ಮಗಳು ತವರಿಗೆ ಬಂದರೆ, "ಹೊಂದಿಕೊಂಡು ಹೋಗು" ಎಂದು ಕಳಿಸುತ್ತೇವೆ. ಮುಂದಿನ ಸಲ ಬಂದಾಗ ಅವಳೂ ಚೆನ್ನಾಗಿದ್ದೀನಿ ಅನ್ನುತ್ತಾಳೆ.

ಸುಖ ಕಡಿಮೆ ಎಂದು ಬಾಯಿಬಿಟ್ಟವಳಿಗೆ ಬೇರೆ ಕಾರಣವೂ ಇರಬಹುದು. ದುಡಿಮೆ ಎರಡಾಯಿತು, ಒಲೆ ಮಾತ್ರ ಅವಳದೇ ಉಳಿಯಿತು. 2024ರ ಸರ್ಕಾರಿ ಲೆಕ್ಕದಂತೆ, ನಮ್ಮ ದೇಶದಲ್ಲಿ ಮನೆಗೆಲಸ ಮಾಡುವ ಹೆಂಗಸು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾಳೆ. ಮನೆಗೆಲಸಕ್ಕೆ ಕೈಹಾಕುವ ಗಂಡಸು (ಅಂಥವರೇ ಕಡಿಮೆ ಬಿಡಿ) 88 ನಿಮಿಷ.

ಹಾಗಾಗಿ, ವಾರದ ಸಭೆಯಲ್ಲಿ ಉಳಿತಾಯ ಕಟ್ಟಿದ ಮೇಲೆ "ಹೇಗಿದ್ದೀಯ?" ಅಂದರೆ ಸಾಲದು. ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ? ಸಂಘದ ಸಾಲದ ದುಡ್ಡು ಯಾರ ಕೈಗೆ ಹೋಯಿತು? ತೋಳಿನ ಮೇಲೆ ಆ ಬಾಸುಂಡೆ ಏನು? ಕೊನೆಯದನ್ನು ಎಲ್ಲರ ಎದುರು ಕೇಳಬೇಡಿ. ಸಭೆ ಮುಗಿಸಿ ಮನೆಗೆ ಹೋಗುವಾಗ, ಇಬ್ಬರೇ ಇದ್ದಾಗ ಕೇಳಿ.