ಬಿದನೂರಿನ ಖಜಾನೆ

(ಶಿರಾಲಿಯ ಜುಮಾ ಪ್ರವಚನದ ಸಾರಾಂಶ)

ಸಹೋದರರೇ, ಶರಾವತಿ ದಾಟುವಾಗ ಹೊನ್ನಾವರ ನಮ್ಮ ಕಣ್ಣಿಗೆ ಬೀಳುತ್ತದೆ, 1783ರ ಜನವರಿ ನೆನಪಾಗುವುದಿಲ್ಲ. ಆ ತಿಂಗಳು ಬೊಂಬಾಯಿ ಸೇನೆಯ ಜನರಲ್ ರಿಚರ್ಡ್ ಮ್ಯಾಥ್ಯೂಸ್ ಹೊನ್ನಾವರದ ಕೋಟೆ ಹೊಡೆದು, ಘಟ್ಟ ಹತ್ತಿ ಬಿದನೂರು ಹಿಡಿದ. ಅಲ್ಲಿನ ಅಧಿಕಾರಿ ಅಯಾಜ್ ಕಾದಾಡದೆ ಊರು ಒಪ್ಪಿಸಿದ್ದ. ಖಜಾನೆ ಕೈಗೆ ಬಂದದ್ದೇ ಜಗಳ ಶುರು. ಅವನದೇ ಅಧಿಕಾರಿಗಳು ಬೊಂಬಾಯಿಗೆ ದೂರು ಒಯ್ದರು, ಸರ್ಕಾರ ಅವನನ್ನು ಕೆಳಗಿಳಿಸಿತು. ಏಪ್ರಿಲಿನಲ್ಲಿ ಟಿಪ್ಪು ಸುಲ್ತಾನ್ ಮುತ್ತಿಗೆ ಹಾಕಿದರು. ಸರ್ಕಾರಿ ಹಣ ಬಿಟ್ಟುಹೋಗುವ ಕರಾರಿನ ಮೇಲೆ ಮ್ಯಾಥ್ಯೂಸ್ ಶರಣಾದ. ನೋಡಿದರೆ ಖಜಾನೆ ಬರಿದು. ಹೊನ್ನು ಸಿಕ್ಕಿದ್ದು ಅವನ ಕಡೆಯವರ ಮೈ ತಡಕಿದಾಗ! ಅದೇ ವರ್ಷ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ವಿಷವಿಟ್ಟರೆಂದು ಇಂಗ್ಲಿಷರು ಬರೆದರು. ನಿಜವಾದರೆ ಅದೂ ಜುಲ್ಮೇ. ಟಿಪ್ಪು ನಮ್ಮವರೆಂದು ನಾವು ಮುಚ್ಚಿಡಬಾರದು.

ಹಿಟ್ಲರನ ಪರವಾಗಿ ಪೋಲೆಂಡನ್ನು ಆಳಿದ ಹಾನ್ಸ್ ಫ್ರಾಂಕ್ ಕೂಡ ದೋಚಿದ ಚಿತ್ರಗಳನ್ನು ಹೊತ್ತು ಓಡಿದವನೇ. ಅವನ ತಪ್ಪಿನ ಮುಂದೆ ಮ್ಯಾಥ್ಯೂಸನದು ಏನೂ ಅಲ್ಲ, ಲಕ್ಷಾಂತರ ಜನರ ಕೊಲೆಯಲ್ಲಿ ಅವನ ಕೈಯಿತ್ತು. 1946ರ ಅಕ್ಟೋಬರ್ 16ರಂದು ನ್ಯೂರೆಂಬರ್ಗ್‌ನಲ್ಲಿ ನೇಣಿಗೇರಿದ.

ದೂರದವರ ಲೆಕ್ಕ ಕೇಳುವುದು ಸುಲಭ. ನಮ್ಮ ಜಮಾಅತಿನ ಲೆಕ್ಕವನ್ನು ನಾವು ಎರಡು ವರ್ಷದಿಂದ ಓದಿಲ್ಲ. ಇಂದು ಅಸರ್ ನಂತರ ಪುಸ್ತಕ ಎಲ್ಲರೆದುರು ಬಿಚ್ಚುತ್ತೇವೆ, ದಯವಿಟ್ಟು ಕುಳಿತಿರಿ.