ನಗರದ ಬಾವಿಯೊಳಗಿನ ಶಸ್ತ್ರಾಗಾರ



2018ರ ಜುಲೈ ತಿಂಗಳು. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಒಂದು ಹಾಳುಬಾವಿ. ಅದರ ಮಣ್ಣಿಗೆ ಮದ್ದಿನ ವಾಸನೆ ಇತ್ತು. ಆ ಸುಳಿವು ಹಿಡಿದು ರಾಜ್ಯ ಪುರಾತತ್ವ ಇಲಾಖೆಯವರು ಮೂರು ದಿನ ಅಗೆದರು. ಹೂಳಿನೊಳಗಿಂದ ಬಂದದ್ದು ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು, ಸಾವಿರಕ್ಕೂ ಹೆಚ್ಚು. ಒಂದೊಂದೂ ಸುಮಾರು ಗೇಣುದ್ದ, ಒಳಗೆ ಇನ್ನೂ ಮದ್ದು. ಅವು ಟಿಪ್ಪು ಸುಲ್ತಾನನ ಕಾಲದ ಯುದ್ಧರಾಕೆಟ್‌ಗಳು. ಇದೇ ನಗರದಲ್ಲಿ 2002ರಲ್ಲೂ ಒಂದು ಬಾವಿಯಿಂದ ಇಂಥವೇ ನೂರಕ್ಕೂ ಮಿಕ್ಕಿ ಸಿಕ್ಕಿದ್ದವು. ಅವು ಏನೆಂದು ಗುರುತಿಸುವುದಕ್ಕೇ ಹತ್ತು ವರ್ಷದ ಮೇಲಾಯಿತು.

ಮಲೆನಾಡಿನ ಈ ಮೂಲೆಯಲ್ಲಿ ಇಷ್ಟೊಂದು ಶಸ್ತ್ರ ಯಾಕಿತ್ತು? ಇಂದು ನಗರ ಒಂದು ಸಣ್ಣ ಪೇಟೆ. ಅಂದು ಅದು ಬಿದನೂರು, ಕೆಳದಿ ಅರಸರ ರಾಜಧಾನಿ. ಸಾಗರದ ಬಳಿಯ ಕೆಳದಿಯಲ್ಲಿ ಶುರುವಾದ ಆ ರಾಜ್ಯ ಇಕ್ಕೇರಿಗೆ ಬಂದು, ಹದಿನೇಳನೆಯ ಶತಮಾನದಲ್ಲಿ ಬಿದನೂರಿನಲ್ಲಿ ನೆಲೆಯೂರಿತು. ಕರಾವಳಿಯ ಬಂದರುಗಳಿಂದ ಘಟ್ಟ ಹತ್ತಿ ಬರುವ ದಾರಿ ಈ ಊರಿನ ಕೈಯಲ್ಲಿತ್ತು. ಮೆಣಸು, ಅಕ್ಕಿ, ಅಡಿಕೆ ಎಲ್ಲ ಆ ದಾರಿಯಲ್ಲೇ ಇಳಿಯುತ್ತಿದ್ದವು. ಆ ಸಂಪತ್ತಿಗಾಗಿಯೇ 1763ರಲ್ಲಿ ಹೈದರಾಲಿ ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಗೆದ್ದ. ತನ್ನ ಹೆಸರಿನಲ್ಲಿ ಅದನ್ನು ಹೈದರ್‌ನಗರ ಎಂದು ಕರೆದ. ಟಂಕಸಾಲೆ, ಶಸ್ತ್ರಗಳ ಕಾರ್ಖಾನೆ ಇಲ್ಲಿ ನಡೆದವು. 1783ರ ಆರಂಭದಲ್ಲಿ ಇಂಗ್ಲಿಷರ ಸೇನಾಪತಿ ಮ್ಯಾಥ್ಯೂಸ್ ಹೊಸಂಗಡಿ ಘಟ್ಟ ಹತ್ತಿ ಬಂದು ಇದನ್ನು ವಶಪಡಿಸಿಕೊಂಡ. ಕೆಲವೇ ತಿಂಗಳಲ್ಲಿ ಟಿಪ್ಪು ಮರಳಿ ಗೆದ್ದ. ಇಂಥ ಗಡಿಯೂರಿನಲ್ಲಿ ಯುದ್ಧಕ್ಕೆಂದು ಕೂಡಿಟ್ಟ ಸಂಗ್ರಹವೇ ಆ ಬಾವಿಯಲ್ಲಿ ಉಳಿದಿರಬೇಕು ಎನ್ನುತ್ತಾರೆ ಪುರಾತತ್ವಜ್ಞರು.

ಈ ರಾಕೆಟ್‌ನ ವಿಶೇಷ ಇರುವುದು ಅದರ ಕಬ್ಬಿಣದಲ್ಲಿ. ದೀಪಾವಳಿಯಲ್ಲಿ ನಾವು ಹಾರಿಸುವ ರಾಕೆಟ್‌ಗೆ ಕಾಗದದ ಕೊಳವೆ ಸಾಕು. ಮದ್ದು ಹೊತ್ತಿದಾಗ ಹುಟ್ಟುವ ಅನಿಲ ಹಿಂದಕ್ಕೆ ನುಗ್ಗುತ್ತದೆ, ರಾಕೆಟ್ ಮುಂದಕ್ಕೆ ಚಿಮ್ಮುತ್ತದೆ. ಮದ್ದನ್ನು ಹೆಚ್ಚು ಗಿಡಿದು ತುಂಬಿದರೆ ಒತ್ತಡ ತಾಳಲಾರದೆ ಕಾಗದವಾಗಲಿ ಬಿದಿರಾಗಲಿ ಸಿಡಿದುಹೋಗುತ್ತದೆ. ಮೈಸೂರಿನ ಕಮ್ಮಾರರು ಮೆದು ಕಬ್ಬಿಣವನ್ನು ಬಡಿದು ಕೊಳವೆ ಮಾಡಿದರು. ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆಸಿದ ಮದ್ದನ್ನು ಅದಕ್ಕೆ ತುಂಬಿ, ಉದ್ದನೆಯ ಬಿದಿರಿನ ಗಳುವಿಗೆ ಚರ್ಮದ ಪಟ್ಟಿಯಿಂದ ಬಿಗಿದರು. ಕೊಳವೆ ಒತ್ತಡ ತಡೆದುಕೊಂಡಿತು, ರಾಕೆಟ್ ಒಂದು ಕಿಲೋಮೀಟರಿಗೂ ಆಚೆ ಹೋಗಿ ಬಿತ್ತು. 1780ರಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಇಂಗ್ಲಿಷ್ ಸೇನೆ ಇದರ ರುಚಿ ಕಂಡಿತು. ಆಗಿನ ಯುರೋಪಿನ ಸೈನ್ಯಗಳ ಕೈಯಲ್ಲಿ ಇದಕ್ಕೆ ಸಾಟಿಯಾದ ರಾಕೆಟ್ ಇರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅಲ್ಲಿನ ವುಲ್ವಿಚ್ ಶಸ್ತ್ರಾಗಾರದಲ್ಲಿ ತನ್ನ ರಾಕೆಟ್‌ಗಳನ್ನು ರೂಪಿಸಿದ. 1807ರಲ್ಲಿ ಇಂಗ್ಲಿಷರು ಅವನ್ನು ಕೋಪನ್‌ಹೇಗನ್ ನಗರದ ಮೇಲೆ ಹಾರಿಸಿದರು. ಈ ಕಥೆಯನ್ನು ವಿಜ್ಞಾನಿಯ ಕಣ್ಣಿನಿಂದ ಜಗತ್ತಿಗೆ ತಿಳಿಸಿದವರು ಬೆಂಗಳೂರಿನ ಪ್ರೊಫೆಸರ್ ರೊದ್ದಂ ನರಸಿಂಹ. ಅವರು ಬರೆಯುವ ಹೊತ್ತಿಗೆ ಮೈಸೂರು ರಾಕೆಟ್ ನೋಡಬೇಕೆಂದರೆ ಲಂಡನ್ನಿನ ವುಲ್ವಿಚ್‌ಗೇ ಹೋಗಬೇಕಿತ್ತು. ಅಲ್ಲಿದ್ದವೂ ಬೆರಳೆಣಿಕೆಯಷ್ಟು. ನಗರದ ಬಾವಿ ಒಂದೇ ಬಾರಿಗೆ ಸಾವಿರ ಕೊಟ್ಟಿತು.

ಈ ರಾಕೆಟ್‌ಗಳ ಊರನ್ನೂ ಅವುಗಳ ಈಗಿನ ಮನೆಯನ್ನೂ ಒಂದು ದಿನದ ಪ್ರವಾಸದಲ್ಲಿ ನೋಡಬಹುದು. ಮೊದಲು ನಗರದ ಕೋಟೆಗೆ ಹೋಗಿ. ಬೆಳಗಿನ ಹೊತ್ತು, ಮಳೆಗಾಲ ಕಳೆದ ಮೇಲೆ ಹೋದರೆ ಒಳ್ಳೆಯದು. ಜಂಬಿಟ್ಟಿಗೆ ಕಲ್ಲಿನ ಬುರುಜುಗಳು, ಒಳಗಿನ ಅಕ್ಕತಂಗಿಯರ ಕೊಳ, ದರ್ಬಾರಿನ ಜಗಲಿ ನೋಡಿ. ಮೇಲೆ ನಿಂತು ಸುತ್ತಲಿನ ಕಾಡು, ಗುಡ್ಡ ಗಮನಿಸಿದರೆ ಈ ಊರನ್ನು ಕಾಯುವುದು ಯಾಕೆ ಸುಲಭ, ಇಲ್ಲಿಂದ ಸೈನ್ಯ ಕಳುಹಿಸುವುದು ಯಾಕೆ ಕಷ್ಟ ಎಂಬುದು ಅರ್ಥವಾಗುತ್ತದೆ. ಆಮೇಲೆ ಶಿವಮೊಗ್ಗಕ್ಕೆ ಹೋಗಿ. ಬಾವಿಯಲ್ಲಿ ಸಿಕ್ಕ ರಾಕೆಟ್‌ಗಳನ್ನು ಒಯ್ದದ್ದು ಅಲ್ಲಿನ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ. ಇನ್ನೊಂದು ದಿನ ಬಿಡುವಿದ್ದರೆ ತೀರ್ಥಹಳ್ಳಿ ಕಡೆಯ ಕವಲೇದುರ್ಗ ಹತ್ತಿ. ಕೆಳದಿಯಲ್ಲಿ ಗುಂಡಾ ಜೋಯಿಸರು ಕಟ್ಟಿದ ಸಂಗ್ರಹಾಲಯದಲ್ಲಿ ಓಲೆಗರಿ, ಕಡತಗಳೂ ಇವೆ.

ಕೋಟೆ ನೋಡದೆ ಸಂಗ್ರಹಾಲಯ ನೋಡಿದರೆ ಆ ರಾಕೆಟ್‌ಗಳು ಬರಿಯ ತುಕ್ಕು ಹಿಡಿದ ಕಬ್ಬಿಣದಂತೆಯೇ ಕಾಣುತ್ತವೆ. ಯಾವ ಊರಿನ, ಯಾವ ಬಾವಿಯ, ಯಾವ ಆಳದಲ್ಲಿ ಸಿಕ್ಕವು ಎಂಬ ವಿವರವೇ ಅವುಗಳ ಬೆಲೆ. ಅದು ಒಮ್ಮೆ ಕಳೆದರೆ ಯಾವ ಪ್ರಯೋಗಾಲಯವೂ ಮರಳಿ ಕೊಡಲಾರದು. ಹಳೆಯದನ್ನು ಉಳಿಸುವ ಮನಸ್ಸಿದ್ದರೆ ದಾರಿಯೂ ಇದೆ. ಶ್ರೀರಂಗಪಟ್ಟಣದಲ್ಲಿ ನೆಲಕ್ಕೆ ಹುದುಗಿಸಿ ಕಟ್ಟಿದ ಟಿಪ್ಪುವಿನ ಮದ್ದಿನ ಮನೆಯೊಂದು ರೈಲು ಮಾರ್ಗಕ್ಕೆ ಅಡ್ಡ ಬಂದಾಗ, 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ಸುಮಾರು ನೂರು ಮೀಟರ್ ಆಚೆ ಸರಿಸಿದರು. ಅಷ್ಟು ಕಾಳಜಿಯಿಂದ ಕಟ್ಟಡ ಉಳಿಯಿತು. ನಗರದ ಆ ಬಾವಿಯ ಜಾಗಕ್ಕೂ ಒಂದು ಫಲಕ, ಒಂದು ಬೇಲಿ, ಬಂದವರಿಗೆ ಕಥೆ ಹೇಳುವ ಒಬ್ಬ ಮಾರ್ಗದರ್ಶಿ ಬೇಕು. ಆಗ ಅದೂ ಸಂಗ್ರಹಾಲಯದ ಒಂದು ಕೋಣೆಯಾಗುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕೃಷಿಕರಲ್ಲಿ ನನ್ನದೊಂದು ವಿನಂತಿ. ಹಳೆಯ ಬಾವಿಯ ಹೂಳು ತೆಗೆಸುವಾಗ, ತೋಟಕ್ಕೆ ಅಗಳು ತೋಡಿಸುವಾಗ ವಿಚಿತ್ರವಾದ ಕಬ್ಬಿಣ, ಗುಂಡು, ಮಡಕೆ, ಶಾಸನ ಏನೇ ಕಂಡರೂ ಕೆಲಸ ನಿಲ್ಲಿಸಿ. ಮದ್ದು ತುಂಬಿರಬಹುದಾದ್ದರಿಂದ ಅದನ್ನು ಬಡಿಯಬೇಡಿ, ಬೆಂಕಿಗೆ ಹಿಡಿಯಬೇಡಿ, ಗುಜರಿಗೆ ಹಾಕಬೇಡಿ. ಸಿಕ್ಕ ಜಾಗವನ್ನು ಹಾಗೆಯೇ ಬಿಟ್ಟು ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಹೀಗೆ ತಿಳಿಸಬೇಕೆಂದು ಕಾನೂನೂ ಇದೆ. ನಗರದ ಬಾವಿಯ ಕಬ್ಬಿಣವನ್ನು ಗುಜರಿಗೆ ಮಾರಿದ್ದರೆ ಕೆಲವು ಸಾವಿರ ರೂಪಾಯಿ ಸಿಗುತ್ತಿತ್ತು. ಮಾರದೆ ಉಳಿಸಿದ್ದರಿಂದ ಜಗತ್ತಿನ ತಂತ್ರಜ್ಞಾನದ ಚರಿತ್ರೆಯಲ್ಲಿ ಮಲೆನಾಡಿಗೆ ಒಂದು ಅಧ್ಯಾಯ ಸಿಕ್ಕಿದೆ. ಮುಂದಿನ ಅಧ್ಯಾಯ ನಿಮ್ಮ ತೋಟದಲ್ಲೇ ಇರಬಹುದು.