ಎಲೆಕ್ಟ್ರಾನ್ ಹೋಯ್ತು, ಅಯಾನು ಉಳೀತು

ಇವತ್ತು ಗ್ಯಾಸ್ ತುಂಬಿದ ಒಂದು ದೊಡ್ಡ ಡ್ರಮ್ ಬಗ್ಗೆ ಮಾತಾಡೋಣ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಆಲಿಸ್ ಅಂತ ಒಂದು ಪ್ರಯೋಗ ಇದೆ. ಅದರ ಹೊಟ್ಟೆಯೊಳಗೆ ಈ ಡ್ರಮ್: 5 ಮೀಟರ್ ಉದ್ದ, ಹೆಚ್ಚುಕಮ್ಮಿ ಅಷ್ಟೇ ಅಗಲ, ಒಳಗೆ ಬಹುಪಾಲು ನಿಯಾನ್. ಹೆಸರು ಟೈಮ್ ಪ್ರೊಜೆಕ್ಷನ್ ಚೇಂಬರ್.

ಸೀಸದ ಪರಮಾಣು ಬೀಜಗಳು ಡಿಕ್ಕಿ ಹೊಡೆದಾಗ ಚಿಮ್ಮುವ ಕಣಗಳು ಈ ಗ್ಯಾಸ್ ಮೂಲಕ ಹಾದು ಹೋಗ್ತವೆ. ಹೋಗುವ ದಾರಿಯಲ್ಲಿ ಗ್ಯಾಸ್ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಹಾಕ್ತವೆ. ಡ್ರಮ್ಮಿನ ನಡುವೆ 1 ಲಕ್ಷ ವೋಲ್ಟ್ ಇದೆ. ಅದರ ಒತ್ತಡಕ್ಕೆ ಎಲೆಕ್ಟ್ರಾನ್‌ಗಳು ತುದಿಗೆ ಓಡ್ತವೆ. ಎರಡೂವರೆ ಮೀಟರ್ ದಾಟೋಕೆ ಸುಮಾರು 100 ಮೈಕ್ರೋಸೆಕೆಂಡ್ ಸಾಕು. ಎಷ್ಟು ಹೊತ್ತಿಗೆ ಬಂತು ಅಂತ ನೋಡಿದ್ರೆ ಎಷ್ಟು ದೂರದಿಂದ ಬಂತು ಅಂತ ಗೊತ್ತಾಗುತ್ತೆ.

ತುದಿಯಲ್ಲಿ ಸಣ್ಣ ತೂತುಗಳ ನಾಲ್ಕು ಪದರದ ಹಾಳೆಗಳಿವೆ. ಒಂದು ಎಲೆಕ್ಟ್ರಾನ್ ಅಲ್ಲಿ ಸುಮಾರು 2000 ಆಗುತ್ತೆ, ಜೊತೆಗೆ ಅಷ್ಟೇ ಪಾಸಿಟಿವ್ ಅಯಾನುಗಳೂ ಹುಟ್ಟುತ್ತವೆ. ಹಾಳೆಗಳು ಹೆಚ್ಚಿನದನ್ನು ಹಿಡಿದುಬಿಡುತ್ತವೆ. ಶೇಕಡಾ 1ರಷ್ಟು ತಪ್ಪಿಸಿಕೊಂಡ್ರೂ 20 ಅಯಾನು ವಾಪಸ್ ಡ್ರಮ್ಮಿಗೆ! ಅಯಾನು ಭಾರ, ನಿಧಾನ. ಅದೇ ದೂರ ದಾಟೋಕೆ 160 ಮಿಲಿಸೆಕೆಂಡ್‌ನಷ್ಟು ಬೇಕು. ಡಿಕ್ಕಿಗಳು ಸೆಕೆಂಡಿಗೆ 50,000 ಆಗಬೇಕು ಅನ್ನೋದು ಗುರಿ. ಗುಣಿಸಿ ನೋಡಿ: ಯಾವ ಕ್ಷಣದಲ್ಲೂ ಸುಮಾರು 8000 ಡಿಕ್ಕಿಗಳ ಅಯಾನುಗಳು ಒಳಗೇ ತೇಲ್ತಾ ಇರ್ತವೆ. ಬಿ.ಕಾಂ. ಓದಿದ ನನಗೆ ಇದು ಥೇಟ್ ಹಳೆ ಬಾಕಿ. ಪ್ರತಿ ಹೊಸ ಎಂಟ್ರಿಯೂ ಅದರ ಮೇಲೇ ಬರೀಬೇಕು.

ಇದನ್ನೇ ಸ್ಪೇಸ್ ಚಾರ್ಜ್ ಅಂತಾರೆ. ಆಕಾಶದ ಸ್ಪೇಸ್ ಅಲ್ಲ, ಡ್ರಮ್ಮಿನೊಳಗಿನ ಜಾಗ. ಈ ಚಾರ್ಜ್ ವಿದ್ಯುತ್ ಕ್ಷೇತ್ರವನ್ನೇ ಬಗ್ಗಿಸುತ್ತೆ, ಎಲೆಕ್ಟ್ರಾನ್ ದಾರಿ ತಪ್ಪುತ್ತೆ. ಕೆಲವು ಕಡೆ 10 ಸೆಂಟಿಮೀಟರ್‌ಗೂ ಮೀರಿ ಅಂತ ವಿನ್ಯಾಸದ ಲೆಕ್ಕವೇ ಹೇಳಿತ್ತು. ಆದ್ರೆ ಬೇಕಾದ ನಿಖರತೆ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ.

ಮೊದಲು ಅಯಾನುಗಳನ್ನು ತಡೆಯೋ ತಂತಿಯ ಗೇಟ್ ಇತ್ತು. ಗೇಟ್ ಮುಚ್ಚಿದ್ದಾಗ ಡೇಟಾ ಬರಲ್ಲ. ಅದಕ್ಕೇ 2019-20ರಲ್ಲಿ ಅದನ್ನು ತೆಗೆದು ಈ ಹಾಳೆಗಳನ್ನು ಹಾಕಿದ್ರು. ನನಗೆ ಇದು ದೊಡ್ಡ ಜೂಜು ಅನ್ಸುತ್ತೆ. ಗೇಟ್ ಮಾಡ್ತಿದ್ದ ಕೆಲಸದ ಒಂದು ಪಾಲು ಕಂಪ್ಯೂಟರ್ ಮೇಲೆ ಬಿತ್ತು.

ಸಿಮ್ಯುಲೇಶನ್ ಮಾಡೋದು ಹೀಗೆ. ಡ್ರಮ್ಮನ್ನು ಸಣ್ಣ ಸಣ್ಣ ಕೋಣೆಗಳಾಗಿ ಭಾಗ ಮಾಡಿ, ಪ್ರತಿ ಕೋಣೆಗೂ ಇಷ್ಟು ಚಾರ್ಜ್ ಅಂತ ಹಾಕ್ತಾರೆ. ಪಾಯ್ಸನ್ ಸಮೀಕರಣ ಬಿಡಿಸಿದ್ರೆ ಕ್ಷೇತ್ರ ಸಿಗುತ್ತೆ. ಆ ಕ್ಷೇತ್ರದಲ್ಲಿ ಎಲೆಕ್ಟ್ರಾನ್ ಓಡಿಸಿ, ಎಷ್ಟು ಜರುಗಿತು ಅಂತ ಅಳೀತಾರೆ. ಅಯಾನುಗಳನ್ನೂ ಒಂದು ಹೆಜ್ಜೆ ಮುಂದೆ ತಳ್ಳಿ, ಮತ್ತೆ ಮೊದಲಿಂದ. ಚಾರ್ಜ್‌ನಿಂದ ಕ್ಷೇತ್ರ, ಕ್ಷೇತ್ರದಿಂದ ಚಾರ್ಜ್‌ನ ಚಲನೆ, ಸುತ್ತು ಮುಗಿಯಲ್ಲ.

ನಿಜವಾದ ತಲೆನೋವು ಸರಾಸರಿ ಅಲ್ಲ, ಏರಿಳಿತ. ಎಲ್ಲ ಡಿಕ್ಕಿಯೂ ಒಂದೇ ಥರ ಇರಲ್ಲ, ಒಂದರಲ್ಲಿ ಕಣಗಳು ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ. ಹಾಗಾಗಿ ಬಾಕಿ ಶೇಕಡಾ ಒಂದೆರಡು ಆಚೀಚೆ ಆಗ್ತಾನೇ ಇರುತ್ತೆ. 10 ಸೆಂಟಿಮೀಟರ್‌ನಲ್ಲಿ ಶೇಕಡಾ 2 ಅಂದ್ರೆ 2 ಮಿಲಿಮೀಟರ್, ಮಿತಿ ಮೀರಿ ಹೋಯ್ತು! ಒಂದು ಸಲ ಮಾಡಿದ ನಕ್ಷೆ ಇಡೀ ದಿನಕ್ಕೆ ಸಾಲಲ್ಲ, ಕೆಲವೇ ಮಿಲಿಸೆಕೆಂಡ್‌ಗೊಮ್ಮೆ ತಿದ್ದಬೇಕು. ಇದನ್ನು ಬೇಗ ಮಾಡೋಕೆ ನ್ಯೂರಲ್ ನೆಟ್‌ವರ್ಕ್‌ಗಳನ್ನೂ ಪ್ರಯತ್ನಿಸಿದ್ದಾರೆ.

ಲೆಕ್ಕ ಸರಿ ಅಂತ ಹೇಗೆ ಗೊತ್ತು? ಡ್ರಮ್ಮಿನ ಒಳಮಗ್ಗುಲಲ್ಲೂ ಹೊರಗೂ ಬೇರೆ ಡಿಟೆಕ್ಟರ್‌ಗಳಿವೆ. ಅವೆರಡರ ಬಿಂದುಗಳನ್ನು ಸೇರಿಸಿ ಕಣದ ದಾರಿ ಎಳೀತಾರೆ. ಡ್ರಮ್ ತೋರಿಸಿದ ದಾರಿಯನ್ನು ಅದರ ಜೊತೆ ತಾಳೆ ನೋಡ್ತಾರೆ. ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡು ಕ್ಯಾಶ್‌ಬುಕ್ ಪರಿಶೀಲಿಸಿದ ಹಾಗೆ.

ಇಂಥ ಲೆಕ್ಕಕ್ಕೆ ನಮ್ಮ ದೇಶದ ಸಾಫ್ಟ್‌ವೇರ್ ಕೂಡ ಇದೆ. ಗ್ಯಾಸ್ ಡಿಟೆಕ್ಟರ್‌ಗಳ ವಿದ್ಯುತ್ ಕ್ಷೇತ್ರ ಲೆಕ್ಕ ಹಾಕುವ ನಿಬೆಮ್ ಅನ್ನೋ ಪ್ರೋಗ್ರಾಂ ಹುಟ್ಟಿದ್ದು ಕೋಲ್ಕತ್ತದ ಸಾಹಾ ಇನ್‌ಸ್ಟಿಟ್ಯೂಟ್‌ನಲ್ಲಿ. ಸರ್ನ್‌ನ ಗಾರ್ಫೀಲ್ಡ್ ಸಿಮ್ಯುಲೇಶನ್ ಜೊತೆ ಸೇರಿ ಅದು ಕೆಲಸ ಮಾಡುತ್ತೆ. ಅದರ ಬಗ್ಗೆ ಇನ್ನೊಂದು ಎಪಿಸೋಡ್ ಮಾಡ್ತೀನಿ, ಪ್ರಶ್ನೆಗಳಿದ್ರೆ ವಾಯ್ಸ್ ನೋಟ್ ಕಳಿಸಿ.